ಪಬ್ಬಿಗೆ ಊಟಕ್ಕೆ ಹೋಗುವವರಿಗೆ

ಪಬ್ ಎಂಬ ಮಾತು ಕಿವಿಗೆ ಬಿದ್ದೊಡನೆ ಕರ್ನಾಟಕದ ಅನೇಕ ತಂದೆತಾಯಿಯರು ಹುಬ್ಬು ಗಂಟಿಕ್ಕುತ್ತಾರೆ. 1980ರ ದಶಕದಿಂದೀಚೆಗೆ ಬೆಂಗಳೂರಿನಲ್ಲಿ ಹುಟ್ಟಿಕೊಂಡ ಪಬ್ಬುಗಳು ಆ ಶಬ್ದಕ್ಕೆ ತಂದಿರುವ ಅರ್ಥವೇ ಅಂಥದು: ಮಬ್ಬು ಬೆಳಕು, ಕಿವಿಗಡಚಿಕ್ಕುವ ಸಂಗೀತ, ಕೈಯಲ್ಲಿ ಬಿಯರ್. ಹೀಗಾಗಿ ಇಂಗ್ಲೆಂಡಿಗೆ ಓದಲು ಹೋದ ಮಗಳು, 'ಅಪ್ಪಾ, ಭಾನುವಾರ ನಮ್ಮ ಪ್ರೊಫೆಸರು ಹಳ್ಳಿಯ ಪಬ್ಬಿಗೆ ಊಟಕ್ಕೆ ಕರೆದಿದ್ದಾರೆ' ಎಂದು ಫೋನಿನಲ್ಲಿ ಹೇಳಿದರೆ ಈ ಕಡೆ ಸ್ವಲ್ಪ ಹೊತ್ತು ಮಾತೇ ಹೊರಡುವುದಿಲ್ಲ. ಆದರೆ ಅಲ್ಲಿ ಆ ಹೊತ್ತಿಗೆ ಅಜ್ಜ, ಅಜ್ಜಿ, ಮಕ್ಕಳು, ಮರಿಗಳು, ಕೆಲವೊಮ್ಮೆ ಮನೆಯ ನಾಯಿಯೂ ಸೇರಿ ಇಡೀ ಸಂಸಾರವೇ ಊಟಕ್ಕೆ ಕುಳಿತಿರುತ್ತದೆ.

ಪಬ್ ಎನ್ನುವುದು 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪ. ಅಂದರೆ ಸಾರ್ವಜನಿಕರ ಮನೆ. ಕನ್ನಡನಾಡಿನ ಹಳ್ಳಿಗೆ ಅರಳಿಕಟ್ಟೆ ಹೇಗೋ ಇಂಗ್ಲೆಂಡಿನ ಹಳ್ಳಿಗೆ ಪಬ್ ಹಾಗೆ. ಮಳೆ, ಚಳಿಯ ದೇಶವಾದ್ದರಿಂದ ಆ ಕಟ್ಟೆಗೆ ಗೋಡೆ, ಮಾಡು, ಬೆಂಕಿಗೂಡು ಸೇರಿಕೊಂಡಿವೆ. ಊರಿನ ಸುದ್ದಿ ಅಲ್ಲಿಗೇ ಬರಬೇಕು, ಅಲ್ಲಿಂದಲೇ ಹರಡಬೇಕು. ಬಾಗಿಲ ಮೇಲೆ ಸಿಂಹವೋ ಕಿರೀಟವೋ ಬರೆದ ಹಲಗೆ ತೂಗುತ್ತಿರುತ್ತದೆ. ಅಕ್ಷರ ಬಾರದವರಿಗೂ ಗುರುತು ಸಿಗಲೆಂದು ಚಿತ್ರದ ಹಲಗೆ. ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ, 1393ರಷ್ಟು ಹಿಂದೆಯೇ, ಏಲ್ ಎಂಬ ಬಿಯರನ್ನು ಮಾರುವವರು ಹೀಗೆ ಗುರುತು ಹಾಕಬೇಕೆಂದು ಕಟ್ಟಳೆಯಾಗಿತ್ತು.

ಆದರೆ ಈ ಮನೆಯಲ್ಲಿ ಊಟಕ್ಕೆ ಮೊದಲು ಅಂಥ ಮರ್ಯಾದೆಯೇನೂ ಇರಲಿಲ್ಲ. ಒಂದು ತುಂಡು ಬ್ರೆಡ್ಡು, ಚೀಸು, ಉಪ್ಪಿನಕಾಯಿ, ಇಲ್ಲವೇ ಪೊಟ್ಟಣದ ಚಿಪ್ಸು ಸಿಕ್ಕರೆ ಆಯಿತು. ಬ್ರೆಡ್ಡು ಚೀಸಿನ ಆ ತಟ್ಟೆಗೆ 'ಪ್ಲೌಮನ್ಸ್ ಲಂಚ್', ಅಂದರೆ ನೇಗಿಲು ಹೊಡೆಯುವವನ ಊಟ ಎಂಬ ಹೆಸರುಂಟು. ಹೆಸರು ಕೇಳಿದರೆ ಶತಮಾನಗಳ ಹಿಂದಿನದು ಎನಿಸುತ್ತದೆ. ಆದರೆ ಯುದ್ಧಕಾಲದ ಪಡಿತರ ಪದ್ಧತಿ 1954ರಲ್ಲಿ ಮುಗಿದ ಮೇಲೆ ಚೀಸ್ ಮಾರಾಟ ಹೆಚ್ಚಲೆಂದು ಆ ವ್ಯಾಪಾರದವರು ಪ್ರಚಾರಕ್ಕೆ ತಂದ ಹೆಸರು ಅದು!

ಊಟ ಪಬ್ಬಿನೊಳಗೆ ನಡುಮನೆಯವರೆಗೆ ಬಂದದ್ದು ಕಷ್ಟಕಾಲದಲ್ಲಿ. 1967ರಲ್ಲಿ ಕುಡಿದು ವಾಹನ ನಡೆಸುವವರ ಉಸಿರು ಪರೀಕ್ಷಿಸುವ ಕಾನೂನು ಬಂತು. ಕಾರಿನಲ್ಲಿ ಬಂದು ಹೋಗುವವರನ್ನು ನಂಬಿದ್ದ ಹಳ್ಳಿಯ ಪಬ್ಬುಗಳಿಗೆ ಕೇವಲ ಬಿಯರಿನಿಂದ ಹೊಟ್ಟೆ ತುಂಬುವುದು ಕಷ್ಟವಾಯಿತು. ಆಗ ಬಹುಪಾಲು ಪಬ್ಬುಗಳು ದೊಡ್ಡ ಬಿಯರ್ ಕಂಪೆನಿಗಳ ಕೈಯಲ್ಲಿದ್ದವು. 1989ರಲ್ಲಿ ಸರಕಾರ ಒಂದು ಆದೇಶ ಹೊರಡಿಸಿ, 2,000ಕ್ಕಿಂತ ಹೆಚ್ಚು ಪಬ್ಬುಗಳಿರುವ ಕಂಪೆನಿಗಳು ಹೆಚ್ಚುವರಿಯಲ್ಲಿ ಅರ್ಧದಷ್ಟನ್ನು ತಮ್ಮ ಬಿಗಿಹಿಡಿತದಿಂದ ಬಿಡಬೇಕೆಂದಿತು. ಅನೇಕ ಪಬ್ಬುಗಳು ಮಾರಾಟಕ್ಕೆ, ಗುತ್ತಿಗೆಗೆ ಬಂದವು. ಅದೇ ಹೊತ್ತಿಗೆ ವ್ಯಾಪಾರ ಕುಸಿದು ಬಾಡಿಗೆಯೂ ಇಳಿಯಿತು.

1991ರಲ್ಲಿ ಡೇವಿಡ್ ಐರ್ ಮತ್ತು ಮೈಕ್ ಬೆಲ್ಬೆನ್ ಎಂಬ ಇಬ್ಬರು ಲಂಡನ್ನಿನ ಫ್ಯಾರಿಂಗ್‌ಡನ್ ರಸ್ತೆಯ 'ದಿ ಈಗಲ್' ಎಂಬ ಪಬ್ಬನ್ನು ವಹಿಸಿಕೊಂಡರು. ದೊಡ್ಡ ರೆಸ್ಟೋರೆಂಟಿಗೆ ಬೇಕಾದ ಬಂಡವಾಳ ಅವರಲ್ಲಿರಲಿಲ್ಲ. ಬಾರಿನ ಹಿಂದೆಯೇ ಪುಟ್ಟ ಅಡುಗೆಮನೆ, ಒಂದಕ್ಕೊಂದು ಹೊಂದದ ಹಳೆಯ ಕುರ್ಚಿ ಮೇಜು, ಅಂದಂದಿನ ಅಡುಗೆಯನ್ನು ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆ. ಅಡುಗೆ ಮಾತ್ರ ತಾಜಾ, ರುಚಿಕಟ್ಟು. 'ಗ್ಯಾಸ್ಟ್ರೋಪಬ್' ಎಂಬ ಪದ ಹುಟ್ಟಿದ್ದು ಇಲ್ಲಿಂದ. ಉತ್ತಮ ಭೋಜನದ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಗ್ಯಾಸ್ಟ್ರೊನಮಿ ಎನ್ನುತ್ತಾರೆ. ಅದನ್ನೂ ಪಬ್ಬನ್ನೂ ಗಂಟುಹಾಕಿದ ಪದವಿದು.

ಪಟ್ಟಣದಲ್ಲಿ ಹೊತ್ತಿದ ಒಲೆ ಬೇಗನೆ ಹಳ್ಳಿಗೂ ಬಂತು. ವೇಲ್ಸ್ ಗಡಿಯ ಹತ್ತಿರ, ಹೆರೆಫರ್ಡ್‌ಶೈರಿನ ಟಿಟ್ಲಿ ಎಂಬ ಸಣ್ಣ ಹಳ್ಳಿಯ 'ಸ್ಟ್ಯಾಗ್ ಇನ್' 2001ರಲ್ಲಿ ಮಿಷೆಲಿನ್ ನಕ್ಷತ್ರ ಪಡೆಯಿತು. ಪಬ್ಬೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಕೆಂಟ್ ಕಡಲತೀರದ ಸೀಸಾಲ್ಟರಿನಲ್ಲಿ 'ದಿ ಸ್ಪೋರ್ಟ್ಸ್‌ಮನ್' ಎಂಬ ಪಬ್ಬಿದೆ. 1999ರಲ್ಲಿ ಅದನ್ನು ವಹಿಸಿಕೊಂಡ ಸ್ಟೀಫನ್ ಹ್ಯಾರಿಸ್ ಹಿಂದೆ ಇತಿಹಾಸದ ಮೇಷ್ಟರಾಗಿದ್ದವರು. ಅಡುಗೆಯನ್ನು ತಾವೇ ಕಲಿತರು. ಊರಿನ ಹೆಸರಿನಲ್ಲಿಯೇ ಇರುವ ಉಪ್ಪನ್ನು ಎದುರಿನ ಸಮುದ್ರದ ನೀರಿನಿಂದ ತಾವೇ ತೆಗೆದರು. 2008ರಲ್ಲಿ ಅವರಿಗೂ ನಕ್ಷತ್ರ ಬಂತು. ಅಡುಗೆ ಕೈಲಾಗದವರ ಕಸುಬು ಎಂದು ತಿಳಿದಿರುವ ವಿದ್ಯಾರ್ಥಿಗಳು ಈ ಮೇಷ್ಟರನ್ನು ನೆನಪಿಡಬೇಕು.

ಇನ್ನು ಊಟದ ಕ್ರಮ. ಬಹಳಷ್ಟು ಪಬ್ಬುಗಳಲ್ಲಿ ಮಾಣಿ ಬಂದು ಕೇಳಲಿ ಎಂದು ಕಾಯುತ್ತ ಕುಳಿತರೆ ಹಸಿವೇ ಗತಿ. ಕುಳಿತ ಮೇಜಿನ ಸಂಖ್ಯೆ ನೋಡಿಕೊಂಡು ಬಾರಿಗೆ ಹೋಗಿ ತಾವೇ ಹೇಳಬೇಕು, ಅಲ್ಲಿಯೇ ಹಣ ಕೊಡಬೇಕು. ಬಾರಿನೆದುರು ಸಾಲು ಕಾಣದಿದ್ದರೂ ಯಾರು ಮೊದಲು ಬಂದರೆಂದು ಎಲ್ಲರಿಗೂ ಗೊತ್ತಿರುತ್ತದೆ. ಚಿಟಿಕೆ ಹೊಡೆದು ಕರೆಯುವುದು, ನೋಟು ಬೀಸುವುದು ಅಸಭ್ಯತನ. ಭಾನುವಾರ ಮಧ್ಯಾಹ್ನ ಹುರಿದ ಮಾಂಸ, ಆಲೂಗೆಡ್ಡೆ, ತರಕಾರಿ, ಗ್ರೇವಿಯ 'ಸಂಡೇ ರೋಸ್ಟ್' ಪ್ರಧಾನ. ಜೊತೆಗೆ ಬರುವ ಯಾರ್ಕ್‌ಷೈರ್ ಪುಡಿಂಗನ್ನು ಸಿಹಿಯೆಂದು ಭಾವಿಸಬಾರದು. ಅದು ಹಿಟ್ಟು, ಹಾಲು, ಮೊಟ್ಟೆಯಿಂದ ಮಾಡಿದ ಉಬ್ಬಿದ ಖಾದ್ಯ. ಸಿಹಿ ಬೇಕಾದವರಿಗೆ ಖರ್ಜೂರ ಹಾಕಿದ ಸ್ಟಿಕಿ ಟಾಫಿ ಪುಡಿಂಗ್ ಬೇರೆಯೇ ಇದೆ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ, ಆದರೆ ಕೇಳಿ ತಿಳಿಯಬೇಕು. ಆಲೂಗೆಡ್ಡೆಯನ್ನು ಕೆಲವೆಡೆ ದನದ ಕೊಬ್ಬಿನಲ್ಲಿ ಕರಿಯುವುದುಂಟು. ಗ್ರೇವಿ ಮಾಂಸದ ರಸದಿಂದ ಆಗಿರಬಹುದು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಾಲು, ಮೊಟ್ಟೆ, ಎಳ್ಳು, ಕಡಲೆಕಾಯಿಯೇ ಮೊದಲಾಗಿ ಅಲರ್ಜಿ ತರುವ 14 ಪದಾರ್ಥಗಳ ಬಗ್ಗೆ ಗಿರಾಕಿಗೆ ತಿಳಿಸಲೇಬೇಕೆಂದು 2014ರ ಕೊನೆಯಿಂದ ನಿಯಮವೇ ಇದೆ.

ಕುಡಿಯಲೇಬೇಕೆಂಬ ಬಲವಂತ ಯಾರದೂ ಇಲ್ಲ. ಸೇಬಿನ ರಸವನ್ನೋ ಬರಿಯ ನೀರನ್ನೋ ಕೇಳಿದರೆ ಸಾಕು. 18 ತುಂಬದವರು ಮದ್ಯ ಕೊಳ್ಳುವಂತಿಲ್ಲ. 16, 17ರ ವಯಸ್ಸಿನವರು ಹಿರಿಯರ ಜೊತೆ ಕುಳಿತು ಊಟ ಮಾಡುವಾಗ ಹಿರಿಯರು ಕೊಂಡ ಬಿಯರನ್ನೋ ವೈನನ್ನೋ ಕುಡಿಯಬಹುದೆಂದು ಕಾನೂನು ಬಿಟ್ಟಿದೆ. 2007ರ ಜುಲೈ 1ರಿಂದ ಒಳಗೆ ಬೀಡಿ, ಸಿಗರೇಟು ಸೇದುವುದಕ್ಕೆ ನಿಷೇಧವಿದೆ.

ಇಷ್ಟೆಲ್ಲ ಚೆನ್ನಾಗಿದ್ದರೂ ಈ ತಟ್ಟೆಯಲ್ಲಿ ಒಂದು ಕಲ್ಲು ಸಿಗುತ್ತದೆ. ಊಟ ಅನೇಕ ಪಬ್ಬುಗಳನ್ನು ಉಳಿಸಿತು, ನಿಜ. ಆದರೆ ಯಾರಿಗಾಗಿ? ನಕ್ಷತ್ರ ಬಂದಂತೆ ಬೆಲೆ ಏರುತ್ತದೆ. ಹಲವು ವಾರ ಮುಂಚೆಯೇ ಮೇಜು ಕಾದಿರಿಸಿದ ಪಟ್ಟಣದವರು ಕಾರುಗಳಲ್ಲಿ ಬಂದಿಳಿಯುತ್ತಾರೆ. ಹೊಲದ ಕೆಲಸ ಮುಗಿಸಿ ಕೆಸರು ಬೂಟಿನಲ್ಲೇ ಬಂದ ಊರಿನ ಮುದುಕ, ತಾನು ನಲವತ್ತು ವರ್ಷ ಕುಳಿತ ಮೂಲೆಯಲ್ಲಿ 'ಕಾದಿರಿಸಲಾಗಿದೆ' ಎಂಬ ಚೀಟಿ ಕಂಡು ಹಿಂದಿರುಗಿದರೆ ಆ ಮನೆ ಸಾರ್ವಜನಿಕರದೆಂದು ಹೇಳುವುದು ಹೇಗೆ? ಹಾಗೆಂದು ಬರಿಯ ಬಿಯರು ಮಾರುತ್ತೇನೆ ಎಂದು ಹೊರಟರೆ ಬಾಗಿಲಿಗೆ ಬೀಗ. ಅಂಚೆ ಕಚೇರಿ, ಅಂಗಡಿ, ಶಾಲೆ ಮುಚ್ಚಿದ ಹಳ್ಳಿಗಳಲ್ಲಿ ಪಬ್ಬೂ ಮುಚ್ಚಿದರೆ ಒಂಟಿಯಾಗಿರುವ ಹಿರಿಯರಿಗೆ ನಾಲ್ಕು ಮಾತಾಡಲು ಜಾಗವೇ ಉಳಿಯುವುದಿಲ್ಲ.

ಜಾಣ ಪಬ್ಬುಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ. ಊಟದ ಕೋಣೆ ಬೇರೆ, ಬಾರಿನ ಸುತ್ತಲ ಜಾಗ ಬೇರೆ. ಈ ಜಾಗವನ್ನು ಯಾರಿಗೂ ಕಾದಿರಿಸುವುದಿಲ್ಲ. ಕೆಲವೆಡೆ ಊರಿನವರೇ ಮುಂದೆ ಬಂದಿದ್ದಾರೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯಲ್ಲಿ 'ಓಲ್ಡ್ ಕ್ರೌನ್' ಪಬ್ಬನ್ನು ಜನರೇ ಹಣ ಹಾಕಿ 2003ರಲ್ಲಿ ಸಹಕಾರಿ ಪದ್ಧತಿಯಲ್ಲಿ ಕೊಂಡುಕೊಂಡರು. ಕರ್ನಾಟಕದ ಹಾಲಿನ ಸಂಘಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. 2011ರ ಕಾನೂನೊಂದರ ಪ್ರಕಾರ ಊರಿನವರು ತಮ್ಮ ಪಬ್ಬನ್ನು ಸಮುದಾಯದ ಸ್ವತ್ತೆಂದು ಪಟ್ಟಿಗೆ ಸೇರಿಸಿದರೆ, ಅದು ಮಾರಾಟಕ್ಕೆ ಬಂದಾಗ ಹಣ ಹೊಂದಿಸಿಕೊಳ್ಳಲು ಆರು ತಿಂಗಳವರೆಗೆ ಕಾಲಾವಕಾಶ ಕೇಳಬಹುದು.

ಇಂಗ್ಲೆಂಡಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಕೆಲವರು ಓದಿನ ನಡುವೆ ಇಂಥ ಪಬ್ಬಿನಲ್ಲೇ ತಟ್ಟೆ ಹೊತ್ತು, ಪಾತ್ರೆ ತೊಳೆದು ಕೈಖರ್ಚಿಗೆ ಗಳಿಸುತ್ತಾರೆ. ಪದವಿ ತರಗತಿಯವರಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಯವರೆಗೆ ದುಡಿಯಲು ಸಾಮಾನ್ಯವಾಗಿ ಅವಕಾಶವಿದೆ. ತಂದೆತಾಯಿಯರು ಅದಕ್ಕೆ ನಾಚಬೇಕಾದ್ದಿಲ್ಲ. ಗಿರಾಕಿಯಾಗಿ ಹೋಗುವ ಮಕ್ಕಳಿಗಾದರೂ ಅವರು ಹೇಳಿಕೊಡಬೇಕಾದದ್ದು ಇಷ್ಟೇ: ಊಟ ಮುಗಿದ ಮೇಲೆ ಖಾಲಿ ಲೋಟವನ್ನು ಬಾರಿಗೆ ಒಯ್ದಿಡಲಿ, ಬಡಿಸಿದವರಿಗೆ ಥ್ಯಾಂಕ್ಸ್ ಹೇಳಲಿ, ಪಕ್ಕದ ಮೂಲೆಯಲ್ಲಿ ಒಬ್ಬರೇ ಕುಳಿತ ಅಜ್ಜನೊಡನೆ ಹವೆಯ ಬಗ್ಗೆ ಎರಡು ಮಾತಾಡಲಿ. ಊರಿನ ಮನೆಗೆ ಬಂದ ಅತಿಥಿ ಅಷ್ಟನ್ನಾದರೂ ಮಾಡಬೇಡವೇ?