ಸಂಗೀತ ಸಭೆಯ ಬೇಲಿ ಎಷ್ಟು ಎತ್ತರವಿರಬೇಕು?

ಸಂಗೀತ ಸಭೆಗಳ ವಾರ್ಷಿಕ ಮಹಾಸಭೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಶಾಸ್ತ್ರೀಯ ಸಂಗೀತಕ್ಕೆಂದೇ ಸ್ಥಾಪಿತವಾದ ವೇದಿಕೆಯಲ್ಲಿ ಭಾವಗೀತೆ, ರಂಗಗೀತೆ, ರಾಗಾಧಾರಿತ ಚಿತ್ರಗೀತೆಗಳಿಗೆ ಸ್ಥಾನವುಂಟೇ? ಹಿರಿಯ ಸದಸ್ಯರು ಸಂಘದ ನಿಯಮಾವಳಿಯನ್ನು ಮುಂದಿಡುತ್ತಾರೆ. ಕಿರಿಯರು ಖಾಲಿ ಕುರ್ಚಿಗಳತ್ತ ಕೈ ತೋರಿಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ.

ಅತಿಯಾದ ಕಟ್ಟುನಿಟ್ಟಿನ ಪರಿಣಾಮವನ್ನು ಅರಿಯಲು ಬಾನುಲಿಯ ಇತಿಹಾಸವೇ ಸಾಕು. ಗಮಕ, ಮೀಂಡ್‌ಗಳಿಗೆ ಒಗ್ಗದ ವಾದ್ಯವೆಂಬ ಕಾರಣಕ್ಕೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಕಂಪನಿ ನಾಟಕಗಳ ಜೀವನಾಡಿಯಾಗಿದ್ದ ಆ ವಾದ್ಯದ ಮೇಲಿನ ನಿರ್ಬಂಧ ಭಾಗಶಃ ಸಡಿಲಗೊಂಡದ್ದು 1971ರಲ್ಲಿ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳೂ ಬಾನುಲಿಯಿಂದ ದೂರವಾದವು. ಜನರ ಅಭಿರುಚಿ ಸುಧಾರಿಸಲಿಲ್ಲ. ಶ್ರೋತೃಗಳು ರೇಡಿಯೊ ಸಿಲೋನ್ ಕಡೆಗೆ ಹೊರಳಿದರು. ಕೊನೆಗೆ 1957ರ ಅಕ್ಟೋಬರ್‌ನಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಗಮನಿಸಬೇಕಾದ ಅಂಶವೆಂದರೆ, ಶಾಸ್ತ್ರೀಯ ಸಂಗೀತವನ್ನು ಕೈಬಿಡದೆ ಲಘು ಸಂಗೀತಕ್ಕೆ ಪ್ರತ್ಯೇಕ ವಾಹಿನಿ ಕಲ್ಪಿಸಿದ್ದೇ ಅಂದಿನ ಪರಿಹಾರ.

ಹಾಗೆಂದು ಬೇಲಿಯನ್ನೇ ಕಿತ್ತೊಗೆಯುವುದು ವಿವೇಕವಲ್ಲ. ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕಾನನ್ 1965ರಲ್ಲಿ ಕ್ಲಬ್‌ಗಳ ಸ್ವರೂಪವನ್ನು ವಿಶ್ಲೇಷಿಸಿದರು. ಸದಸ್ಯರು ಹೆಚ್ಚಿದಂತೆ ತಲಾ ವೆಚ್ಚ ತಗ್ಗುತ್ತದೆ; ಆದರೆ ಒಂದು ಹಂತದ ನಂತರ ದಟ್ಟಣೆಯಿಂದಾಗಿ ಪ್ರತಿಯೊಬ್ಬರ ಪ್ರಯೋಜನವೂ ಕುಗ್ಗುತ್ತದೆ. ಸಂಗೀತ ಸಭೆಯಲ್ಲಿ ದಟ್ಟಣೆಯಾಗುವುದು ಕುರ್ಚಿಗಳಿಗಲ್ಲ, ಸಂಜೆಗಳಿಗೆ. ಚಿತ್ರಗೀತೆಗೆ ನಗರದಲ್ಲಿ ನೂರು ವೇದಿಕೆಗಳಿವೆ; ಒಂದು ಗಂಟೆಯ ರಾಗ-ತಾನ-ಪಲ್ಲವಿಗೆ ಇರುವವು ಬೆರಳೆಣಿಕೆಯಷ್ಟು. ಇದ್ದ ಆ ಸಂಜೆಯೂ ಕೈತಪ್ಪಿದರೆ ಪಲ್ಲವಿಗೆ ಬೇರೆ ಮನೆಯಿಲ್ಲ.

ಆದರೆ ಪರಂಪರೆ ಎಂಬುದೂ ಸ್ಥಾವರವಲ್ಲ. ಇಂದು ಕರ್ನಾಟಕ ಸಂಗೀತದ ಅವಿಭಾಜ್ಯ ಅಂಗವೆನಿಸಿದ ಪಿಟೀಲು ಪಾಶ್ಚಾತ್ಯ ವಾದ್ಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಗಮಕಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದವರೆಗೆ ಕೊಂಡೊಯ್ದರು. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವ ಹಿಂದೂಸ್ತಾನಿ ಗಾಯಕರಿಗೂ ಆದರದ ವೇದಿಕೆಯಾಯಿತು. ಎಲ್ಲಿಂದ ಬಂತೆಂಬುದಕ್ಕಿಂತ, ಬಂದದ್ದು ಸಂಗೀತದ ಶಿಸ್ತಿಗೆ ಒಳಪಟ್ಟಿತೇ ಎಂಬುದೇ ಮುಖ್ಯವಾಯಿತು.

ವಿಪರ್ಯಾಸವೆಂದರೆ, ಒಂದು ಭಾವಗೀತೆ ವೇದಿಕೆಯೇರುವ ಬಗ್ಗೆ ತಾಸುಗಟ್ಟಲೆ ಚರ್ಚಿಸುವ ಸಮಿತಿಗಳೇ ಕಛೇರಿಯ ನಡುವೆ ಶಾಲು, ಹಾರ, ಪೇಟ, ಗಣ್ಯರ ಭಾಷಣಗಳಿಗೆ ಧಾರಾಳವಾಗಿ ಸಮಯ ಕೊಡುತ್ತವೆ. ಕಲಾವಿದರು ಪಲ್ಲವಿಯನ್ನು ಮೊಟಕುಗೊಳಿಸುತ್ತಾರೆ, ತನಿ ಆವರ್ತನ ಐದು ನಿಮಿಷಕ್ಕೆ ಇಳಿಯುತ್ತದೆ. ವಿಷಯಾಂತರ ಎಂಬುದಿದ್ದರೆ ಇದೇ.

ಆದುದರಿಂದ ಪ್ರಕಾರಗಳ ಬಹಿಷ್ಕಾರದ ಪಟ್ಟಿಗಿಂತ ಸಮಯದ ಹಂಚಿಕೆ ಮೇಲು. ವರ್ಷದ ಐದು ಕಛೇರಿಗಳಲ್ಲಿ ನಾಲ್ಕು ಮೂಲ ಉದ್ದೇಶಕ್ಕೇ ಮೀಸಲಾಗಿರಲಿ; ಐದನೆಯದು ರಂಗಗೀತೆ, ವಚನ, ಜಾನಪದ, ಹೊಸ ವಾದ್ಯಗಳಿಗೆ ತೆರೆದಿರಲಿ. ಈ ಪ್ರಮಾಣ ಲಿಖಿತವಾಗಿರಲಿ. ಪದಾಧಿಕಾರಿಗಳ ಮರ್ಜಿಗೆ ಬಿಡಬಾರದು. ಮೂರು ವರ್ಷಗಳಿಗೊಮ್ಮೆ ಸದಸ್ಯರೇ ಅದನ್ನು ಪುನರ್‌ವಿಮರ್ಶಿಸಲಿ. ಸನ್ಮಾನ, ಭಾಷಣಗಳು ಕಛೇರಿಗೆ ಮೊದಲೇ ಹತ್ತು ನಿಮಿಷದಲ್ಲಿ ಮುಗಿಯಲಿ.

ಬೇಲಿ ಇರುವುದು ಬೆಳೆಯ ರಕ್ಷಣೆಗೆ. ಅದಕ್ಕೊಂದು ಬಾಗಿಲೂ ಬೇಕು; ಆ ಬಾಗಿಲಿನ ಅಳತೆ ಒಳಗಿರುವ ಎಲ್ಲರಿಗೂ ತಿಳಿದಿರಬೇಕು.