ಕೋಲನ್, ಸೆಮಿಕೋಲನ್ ಮತ್ತು ಕನ್ನಡ ಪಂಡಿತನ ಹೊಣೆ

ಕನ್ನಡ ಪಂಡಿತನಾದವನಿಗೆ ಆಂಗ್ಲ ಭಾಷೆಯ ಲೇಖನಚಿಹ್ನೆಗಳ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಂದು ನಮ್ಮ ವಿದ್ಯಾರ್ಥಿನಿಲಯದಲ್ಲಿರುವ ಮಕ್ಕಳು, ಕೆಂಪು ಗೆರೆ ಬಿದ್ದ ಇಂಗ್ಲಿಷ್ ನೋಟುಪುಸ್ತಕವನ್ನು ಸಂಜೆಯ ಹೊತ್ತು ನನ್ನ ಮುಂದೆಯೂ ಹಿಡಿಯುವುದುಂಟು. ಅವನ್ನು ನೋಡುತ್ತ ಬಂದ ನನಗೆ ಒಂದು ಸಂಗತಿ ಮನದಟ್ಟಾಗಿದೆ: ಈ ಎರಡು ಚಿಹ್ನೆಗಳಲ್ಲಿ ಮಕ್ಕಳು ಎಡವುವುದಕ್ಕೆ ಕನ್ನಡ ವಾಕ್ಯದ ರೂಢಿಯೂ ಕಾರಣ. ಆದುದರಿಂದ ತಿದ್ದುವ ಹೊಣೆಯಲ್ಲಿ ಕನ್ನಡ ಅಧ್ಯಾಪಕನಿಗೂ ಪಾಲುಂಟು.

ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ ಸೆಮಿಕೋಲನ್ನನ್ನು ಅಚ್ಚಿಗೆ ತಂದದ್ದು 15ನೆಯ ಶತಮಾನದ ಕೊನೆಯಲ್ಲಿ. ಕೆಲವೇ ವರ್ಷಗಳ ಅನಂತರ, 1513ರಲ್ಲಿ, ಗುಬ್ಬಿಯ ಮಲ್ಲಣಾರ್ಯನು ‘ಭಾವಚಿಂತಾರತ್ನ’ವನ್ನು ರಚಿಸಿದನು. ಅಲ್ಲಿ ಷಟ್ಪದಿಯ ಗತಿಯೇ ನಿಲುಗಡೆಯನ್ನು ತೋರಿಸುತ್ತದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ 701 ವಚನಗಳಲ್ಲಿ ಅಂಕಿತವು ಬಂದೊಡನೆ ವಚನ ಮುಗಿಯಿತೆಂದು ತಿಳಿಯುತ್ತದೆ. ನಮ್ಮ ಗದ್ಯದಲ್ಲಾದರೋ ‘ಎಂದರೆ’, ‘ಏನೆಂದರೆ’ ಎಂಬ ಮಾತುಗಳು ಕೋಲನ್ನಿನ ಕೆಲಸವನ್ನು ಮಾಡುತ್ತವೆ. ‘ಮಳೆ ಬಾರದೆ ಕೆರೆ ಬತ್ತಿತು’ ಎಂಬಲ್ಲಿ ‘ಬಾರದೆ’ ಎಂಬ ಒಂದು ಕೃದಂತವೇ ಎರಡು ಸಂಗತಿಗಳನ್ನು ಬೆಸೆಯುತ್ತದೆ.

ಇದೇ ಅರ್ಥವನ್ನು ಇಂಗ್ಲಿಷಿನಲ್ಲಿ ‘ದಿ ರೇನ್ಸ್ ಫೇಲ್ಡ್, ದಿ ಟ್ಯಾಂಕ್ ಈಸ್ ಡ್ರೈ’ ಎಂದು ಎರಡು ಪೂರ್ಣವಾಕ್ಯಗಳಲ್ಲಿ ಹೇಳಬಹುದು. ಕನ್ನಡದ ಬೆಸುಗೆ ಮನಸ್ಸಿನಲ್ಲಿರುವ ಬಾಲಕನು ನಡುವೆ ಅಲ್ಪವಿರಾಮವನ್ನಿಟ್ಟು ಮುಂದೆ ಸಾಗುತ್ತಾನೆ. ಎರಡು ಪೂರ್ಣವಾಕ್ಯಗಳನ್ನು ಹಿಡಿದಿಡುವ ಬಲ ಅದಕ್ಕಿಲ್ಲ.

ಶಬ್ದಗಳಿಂದ ವಾಕ್ಯಾರ್ಥ ಹೊಳೆಯಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಇವುಗಳಲ್ಲಿ ಮೊದಲನೆಯದನ್ನೂ ಕಡೆಯದನ್ನೂ ಹಿಡಿದು ನಾನು ಮಕ್ಕಳಿಗೆ ಈ ಚಿಹ್ನೆಗಳನ್ನು ವಿವರಿಸುತ್ತೇನೆ. ವಾಕ್ಯ ಪೂರ್ಣವಾಗಿಯೂ ‘ಯಾವುವು?’, ‘ಏನದು?’ ಎಂಬ ಆಕಾಂಕ್ಷೆ ಉಳಿದರೆ ಕೋಲನ್. ಎರಡು ವಾಕ್ಯಗಳು ತಮ್ಮಷ್ಟಕ್ಕೆ ಪೂರ್ಣವಾಗಿದ್ದು, ಅರ್ಥದಲ್ಲಿ ಒಂದಕ್ಕೊಂದು ಸನ್ನಿಧಿಯಲ್ಲಿದ್ದರೆ ಸೆಮಿಕೋಲನ್. ‘ಐ ಸ್ಟಡಿ ತ್ರೀ ಲ್ಯಾಂಗ್ವೇಜಸ್’ ಎಂದ ಮೇಲೆ ಕೋಲನ್ ಇಟ್ಟು ಭಾಷೆಗಳನ್ನು ಹೆಸರಿಸುವುದು ಸರಿ. ‘ಮೈ ಸಬ್ಜೆಕ್ಟ್ಸ್ ಆರ್’ ಎಂದ ಮೇಲೆ ಇಡುವುದು ಸರಿಯಲ್ಲ. ಅಲ್ಲಿ ವಾಕ್ಯವೇ ಪೂರ್ಣವಾಗಿಲ್ಲ.

ಸೆಮಿಕೋಲನ್ನಿಗೆ ಇನ್ನೊಂದು ಉಪಯೋಗವಿದೆ. ಇಂತಹ ಸಂಪುಟಗಳಲ್ಲಿ ದಾನಿಗಳ ಹೆಸರು, ಊರು, ಮೊತ್ತಗಳನ್ನು ಸಾಲಾಗಿ ಅಚ್ಚು ಮಾಡುತ್ತೇವೆ. ಎಲ್ಲೆಲ್ಲೂ ಅಲ್ಪವಿರಾಮವೇ ಇದ್ದರೆ ಒಬ್ಬರ ಊರು ಮತ್ತೊಬ್ಬರ ಹೆಸರಿಗೆ ಅಂಟಿಕೊಂಡೀತು! ಒಬ್ಬೊಬ್ಬ ದಾನಿಯ ವಿವರ ಮುಗಿದಾಗ ಸೆಮಿಕೋಲನ್ ಇಟ್ಟರೆ ಗೊಂದಲವಿಲ್ಲ.

ಕನ್ನಡದವರಾದ ನಮ್ಮದೂ ಒಂದು ತಪ್ಪಿದೆ. ‘ದುಃಖ’, ‘ಅಂತಃಕರಣ’ಗಳ ವಿಸರ್ಗದ ಸ್ಥಾನದಲ್ಲಿ ಕೋಲನ್ನನ್ನೇ ಒತ್ತುವ ಅಭ್ಯಾಸ ಬೆರಳಚ್ಚಿನಿಂದ ಕಂಪ್ಯೂಟರಿಗೂ ಬಂದಿದೆ. ಕಣ್ಣಿಗೆ ಎರಡೂ ಎರಡು ಚುಕ್ಕೆಗಳೇ. ಆದರೆ ವಿಸರ್ಗವು ಉಚ್ಚಾರವುಳ್ಳ ವರ್ಣ, ಕೋಲನ್ ಕೇವಲ ಚಿಹ್ನೆ. ಕಂಪ್ಯೂಟರು ಇವೆರಡನ್ನೂ ಬೇರೆಬೇರೆಯಾಗಿಯೇ ಎಣಿಸುವುದರಿಂದ, ಹಾಗೆ ಒತ್ತಿದ ಪದ ಹುಡುಕಿದಾಗ ದೊರೆಯದೆ ಹೋಗಬಹುದು.

ಯಂತ್ರವೇ ತಿದ್ದುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆಂದು ಕೆಲವರು ಹೇಳುತ್ತಾರೆ. ಯಂತ್ರ ಚಿಹ್ನೆಯನ್ನು ಸೂಚಿಸಬಹುದು; ಎರಡು ಮಾತುಗಳ ಸಂಬಂಧ ಕಾರಣವೋ, ವಿರೋಧವೋ, ವಿವರಣೆಯೋ ಎಂಬುದನ್ನು ಬರೆಯುವವನೇ ನಿಶ್ಚಯಿಸಬೇಕು. ಪರೀಕ್ಷೆಯ ಕೊಠಡಿಯಲ್ಲಿ ಹಳ್ಳಿಯ ಮಗುವಿನ ಜೊತೆಗಿರುವುದು ಲೇಖನಿಯೊಂದೇ.

ಆದಕಾರಣ ನನ್ನ ವಿನಮ್ರ ಸೂಚನೆ ಇದು. ಎಂಟನೆಯ ತರಗತಿಯಿಂದ ವಾರಕ್ಕೊಂದು ಅವಧಿಯನ್ನು ಕನ್ನಡ ಮತ್ತು ಇಂಗ್ಲಿಷ್ ಅಧ್ಯಾಪಕರು ಕೂಡಿ ನಡೆಸಲಿ. ಒಂದೇ ಸಂಗತಿಯನ್ನು ಮಕ್ಕಳಿಂದ ಎರಡು ಭಾಷೆಗಳಲ್ಲಿಯೂ ಬರೆಸಲಿ. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಎರಡೂ ಭಾಷೆಗಳ ಉತ್ತಮ ವ್ಯಾಕರಣಗ್ರಂಥಗಳನ್ನು ಗ್ರಂಥಾಲಯಕ್ಕೆ ಒದಗಿಸಲಿ. ಕನ್ನಡದಲ್ಲಿ ವಾಕ್ಯದ ಅಂಗಾಂಗಗಳನ್ನು ಅರಿತ ಮಗು ಇಂಗ್ಲಿಷಿನ ಎರಡು ಚುಕ್ಕೆಗಳಿಗೆ ಅಂಜಬೇಕಾದುದಿಲ್ಲ.