ತೀರ್ಪಿನಲ್ಲಿ ಮಕ್ಕಳಿಗೂ ಒಂದು ಸಾಲಿರಲಿ

ಕರ್ನಾಟಕದ ಕಥೋಲಿಕ ಧರ್ಮಾಧ್ಯಕ್ಷರಿಗೆ, ಧರ್ಮಪ್ರಾಂತ್ಯಗಳ ನ್ಯಾಯಪೀಠದ ಗುರುಗಳಿಗೆ,

ಚರ್ಚಿನ ನ್ಯಾಯಪೀಠ ಒಂದು ಮದುವೆಯನ್ನು ಅಸಿಂಧು ಎಂದು ಘೋಷಿಸಿದಾಗ ಗಂಡನಿಗೂ ಹೆಂಡತಿಗೂ ತೀರ್ಪಿನ ಕಾಗದ ಸಿಗುತ್ತದೆ. ಆ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಯಾರೂ ಏನೂ ಹೇಳುವುದಿಲ್ಲ. ಅವರಿಗೆ ಸುದ್ದಿ ಮುಟ್ಟಿಸುವುದು ನೆರೆಹೊರೆಯವರ ಬಾಯಿ. ನನ್ನ ದೂರು ಇಷ್ಟೇ.

ನನ್ನ ಮಗಳ ಮದುವೆ ನಮ್ಮ ಇಗರ್ಜಿಯಲ್ಲೇ, ಮದುವೆಗೆ ಮುಂಚಿನ ರೋಸ್ ಶಾಸ್ತ್ರದಿಂದ ಹಿಡಿದು ಎಲ್ಲ ಕ್ರಮದಂತೆ ನಡೆದಿತ್ತು. ಗಂಡಿನ ಕಡೆಯವರು ಮುಚ್ಚಿಟ್ಟಿದ್ದ ಗಂಭೀರ ಸಂಗತಿಯೊಂದು ಮಗು ಹುಟ್ಟಿದ ಮೇಲೆ ಹೊರಬಿತ್ತು. ಅವಳು ಚರ್ಚಿನ ನ್ಯಾಯಪೀಠಕ್ಕೂ ದೇಶದ ಕೋರ್ಟಿಗೂ ಅಲೆಯಬೇಕಾಯಿತು. ಚರ್ಚ್ ಕೊಟ್ಟ ತೀರ್ಪು ದೇಶದ ಕಾನೂನಿನಲ್ಲಿ ವಿಚ್ಛೇದನವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಚರ್ಚಿನ ತೀರ್ಪಿಗೆ ಕಾನೂನಿನ ಮಾನ್ಯತೆ ಕೋರಿ ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಎಂಬವರು ಸಲ್ಲಿಸಿದ್ದ ಅರ್ಜಿಯನ್ನು 2017ರ ಜನವರಿಯಲ್ಲಿ ವಜಾ ಮಾಡಿ ಅದನ್ನೇ ಮತ್ತೆ ಹೇಳಿತು. ಅತ್ತ ಕೋರ್ಟಿನ ವಿಚ್ಛೇದನವೊಂದೇ ಇದ್ದರೆ ಚರ್ಚಿನಲ್ಲಿ ಮರುಮದುವೆಗೆ ದಾರಿಯಿಲ್ಲ. ಕೊನೆಗೆ ಎರಡೂ ಸಿಕ್ಕವು. ಅವಳು ಇಗರ್ಜಿಯ ಬಲಿಪೀಠದ ಮುಂದೆಯೇ ಮತ್ತೊಮ್ಮೆ ಮದುವೆಯಾದಳು.

ಮೊಮ್ಮಗಳು ಪ್ರಥಮ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದ ವರ್ಷ. ಭಾನುವಾರದ ಧರ್ಮೋಪದೇಶ ತರಗತಿಯಿಂದ ಬಂದವಳು ಊಟಕ್ಕೆ ಕೂರಲಿಲ್ಲ. “ಅಮ್ಮನ ಮೊದಲ ಮದುವೆ ಮದುವೆಯೇ ಅಲ್ಲವಂತೆ. ಹಾಗಾದರೆ ನಾನು ಯಾರು ಅಜ್ಜಿ?” ಎಂದು ಕೇಳಿದಳು. ದೊಡ್ಡವರು ಯಾರೋ ಅವಳೆದುರೇ ಆಡಿದ ಮಾತದು. ಅವರ ಹೆಸರು ನನಗೆ ಬೇಡ. ಆದರೆ ಆ ಪ್ರಶ್ನೆಗೆ ಕೊಡಬೇಕಾದ ಉತ್ತರ ನಮ್ಮ ಮನೆಗೆ ಬಂದ ಯಾವ ಕಾಗದದಲ್ಲೂ ಇರಲಿಲ್ಲ. ಮಗಳು ಕಪಾಟಿನಿಂದ ತೀರ್ಪು ತೆಗೆದು ಹುಡುಕಿದಳು. ವಿಷಯ ಬಚ್ಚಿಟ್ಟದ್ದರ ಬಗ್ಗೆ, ಸಾಕ್ಷಿಗಳ ಬಗ್ಗೆ ಪುಟಗಟ್ಟಲೆ ಇತ್ತು. ಮಗುವಿನ ಸ್ಥಾನದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಉತ್ತರ ಚರ್ಚಿನ ಕಾನೂನಿನಲ್ಲೇ ಇದೆ. 1983ರ ಚರ್ಚ್ ಕಾನೂನು ಸಂಹಿತೆಯ 1137ನೇ ಕ್ಯಾನನ್, ಅಂದರೆ ವಿಧಿಯ ಪ್ರಕಾರ, ಸಿಂಧುವಾದ ಮದುವೆಯಲ್ಲಿ ಹುಟ್ಟಿದವರಂತೆಯೇ, ಸಿಂಧುವೆಂದು ನಂಬಿ ಮಾಡಿಕೊಂಡ ಮದುವೆಯಲ್ಲಿ ಹುಟ್ಟಿದವರೂ ನ್ಯಾಯಬದ್ಧ ಮಕ್ಕಳೇ. ಗಂಡ ಹೆಂಡಿರಲ್ಲಿ ಒಬ್ಬರಾದರೂ ಪ್ರಾಮಾಣಿಕವಾಗಿ ನಂಬಿದ್ದರೆ ಸಾಕು, 1061ನೇ ಕ್ಯಾನನ್ ಅಂಥ ಮದುವೆಯನ್ನು ಈ ಬಗೆಯದೆಂದೇ ಎಣಿಸುತ್ತದೆ. ನನ್ನ ಮಗಳು ನಂಬಿದ್ದಳು. ನಾವೆಲ್ಲ ನಂಬಿದ್ದೆವು. ಆಮೇಲೆ ಬಂದ ತೀರ್ಪು ಮಗುವಿನ ಹುಟ್ಟನ್ನು ಹಿಂದಕ್ಕೆ ಹೋಗಿ ಮುಟ್ಟುವುದಿಲ್ಲ.

ಜನರ ನಾಲಿಗೆಯಲ್ಲಿ ಉಳಿದಿರುವುದು 1917ರ ಹಳೆಯ ಸಂಹಿತೆ. ಮದುವೆಯಾಚೆ ಹುಟ್ಟಿದವರಿಗೆ ವಿಶೇಷ ವಿನಾಯಿತಿಯಿಲ್ಲದೆ ಗುರುದೀಕ್ಷೆ ಇಲ್ಲ, ಧರ್ಮಾಧ್ಯಕ್ಷರಾಗುವಂತಿಲ್ಲ ಎಂಬ ತಡೆಗಳು ಅದರಲ್ಲಿದ್ದವು. ಹೊಸ ಸಂಹಿತೆ ಅವನ್ನು ಕೈಬಿಟ್ಟು ದಶಕಗಳೇ ಕಳೆದವು. ಹುಟ್ಟಿನ ಕಾರಣಕ್ಕೆ ದೂರ ಇಡುವ ಆ ತಡೆಗಳನ್ನು ರೋಮ್ ಬಿಟ್ಟುಕೊಟ್ಟ ಮೇಲೂ ನಮ್ಮ ಕೇರಿಗಳಲ್ಲಿ ಆ ಪಿಸುಮಾತು ನಿಂತಿಲ್ಲವಲ್ಲ, ಇದಕ್ಕೆ ಪ್ರವಚನಪೀಠದ ಮೌನವೂ ಕಾರಣ ಎಂದೇ ನನ್ನ ನಂಬಿಕೆ.

ಅಸಿಂಧು ತೀರ್ಪು ಪಡೆಯದೆ ಮರುಮದುವೆಯಾದವರ ಮಕ್ಕಳ ಪಾಡು ಇನ್ನೂ ಕಷ್ಟ. ಆ ದಂಪತಿಗೆ ಪರಮಪ್ರಸಾದ ಕೊಡಬೇಕೇ ಬೇಡವೇ ಎಂಬ ಚರ್ಚೆ ದೊಡ್ಡದು. ಪೋಪ್ ಎರಡನೇ ಜಾನ್ ಪೌಲ್ 1981ರಲ್ಲಿ ಒಂದು ರೀತಿ ಹೇಳಿದರು, ಪೋಪ್ ಫ್ರಾನ್ಸಿಸ್ 2016ರಲ್ಲಿ ಒಬ್ಬೊಬ್ಬರ ಪರಿಸ್ಥಿತಿಯನ್ನೂ ಗುರುಗಳು ಜೊತೆಗೆ ಕೂತು ವಿವೇಚಿಸಬೇಕೆಂದರು. ಅದರಲ್ಲಿ ನಾನು ಕೈಹಾಕುವುದಿಲ್ಲ. ಮದುವೆ ಬಿಡಿಸಲಾಗದ ಬಂಧನ ಎಂಬ ಬೋಧನೆಯನ್ನು ನಾನು ಮನಸಾರೆ ಒಪ್ಪಿದವಳು. ಆದರೆ ಅವರ ಮಗುವನ್ನು ದೀಕ್ಷಾಸ್ನಾನಕ್ಕೆ ತಂದಾಗ ಕಚೇರಿಯಲ್ಲಿ “ನಿಮ್ಮ ಮದುವೆ ಸರಿಮಾಡಿಕೊಂಡು ಬನ್ನಿ” ಎಂದು ವಾಪಸು ಕಳಿಸುವುದನ್ನು ಒಪ್ಪಲಾರೆ. 868ನೇ ಕ್ಯಾನನ್ ಕೇಳುವುದು ತಂದೆ ತಾಯಿಯರಲ್ಲಿ ಒಬ್ಬರ ಒಪ್ಪಿಗೆ ಮತ್ತು ಮಗು ವಿಶ್ವಾಸದಲ್ಲಿ ಬೆಳೆಯುತ್ತದೆಂಬ ಭರವಸೆ. ತಂದೆ ತಾಯಿಯ ಮದುವೆ ಪ್ರಮಾಣಪತ್ರವನ್ನು ಅದು ಕೇಳುವುದಿಲ್ಲ. 2014ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ದೀಕ್ಷಾಸ್ನಾನ ಕೊಟ್ಟ ಮಕ್ಕಳಲ್ಲಿ ಒಬ್ಬಳ ತಂದೆ ತಾಯಿ ಚರ್ಚಿನಲ್ಲಿ ಮದುವೆಯಾದವರೇ ಅಲ್ಲ. ರೋಮಿನಲ್ಲಿ ಇಲ್ಲದ ಅಡ್ಡಿ ನಮ್ಮ ಧರ್ಮಕೇಂದ್ರದ ಮೇಜಿನ ಮುಂದೆ ಏಕೆ?

2015ರ ಡಿಸೆಂಬರ್ 8ರಿಂದ ಅಸಿಂಧು ಪ್ರಕರಣಗಳ ಕ್ರಮ ಹಗುರವಾಗಿದೆ. ಮೇಲಿನ ನ್ಯಾಯಪೀಠದ ಎರಡನೇ ತೀರ್ಪು ಕಡ್ಡಾಯವಲ್ಲ, ಸ್ಪಷ್ಟವಾದ ಪ್ರಕರಣಗಳನ್ನು ಧರ್ಮಾಧ್ಯಕ್ಷರೇ ಬೇಗ ತೀರ್ಮಾನಿಸಬಹುದು. ಒಳ್ಳೆಯದೇ ಆಯಿತು. ಮಕ್ಕಳ ಪಾಲನೆ ಮತ್ತು ಶಿಕ್ಷಣದ ಹೊಣೆಯನ್ನು ತಂದೆ ತಾಯಿಗೆ ತೀರ್ಪಿನಲ್ಲೇ ನೆನಪಿಸಬೇಕೆಂಬ ನಿಯಮವೂ ಸಂಹಿತೆಯಲ್ಲಿದೆ. ಅಂದರೆ ಮಕ್ಕಳ ಮಾತಿಗೆ ತೀರ್ಪಿನಲ್ಲಿ ಜಾಗ ಆಗಲೇ ಉಂಟು. ಅಲ್ಲೇ ಇನ್ನೊಂದು ಸಾಲು ಸೇರಿಸಿ: ಈ ಮದುವೆಯಲ್ಲಿ ಹುಟ್ಟಿದ ಮಕ್ಕಳು 1137ನೇ ಕ್ಯಾನನ್ ಪ್ರಕಾರ ನ್ಯಾಯಬದ್ಧ ಮಕ್ಕಳು, ಅವರ ಸ್ಥಾನಕ್ಕೆ ಈ ತೀರ್ಪಿನಿಂದ ಯಾವ ಬಾಧೆಯೂ ಇಲ್ಲ. ಕನ್ನಡದಲ್ಲಿ, ಕೊಂಕಣಿಯಲ್ಲಿ, ಹತ್ತು ವರ್ಷದ ಮಗು ಓದಿಕೊಳ್ಳುವಂತೆ ಬರೆಯಿರಿ. ವರ್ಷಕ್ಕೊಮ್ಮೆ ಕುಟುಂಬ ಭಾನುವಾರದ ಪೂಜೆಯಲ್ಲಿ ಗುರುಗಳು ಇದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಲಿ. ಧರ್ಮೋಪದೇಶ ಕಲಿಸುವ ಶಿಕ್ಷಕ ಶಿಕ್ಷಕಿಯರಿಗೆ ಮೊದಲು ಹೇಳಲಿ.

ನನಗೆ ವೈಯಕ್ತಿಕವಾಗಿ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ನ್ಯಾಯಪೀಠದಲ್ಲಿ ಮುಂದಿನ ತೀರ್ಪಿಗೆ ಸಹಿ ಬೀಳುವ ಮೊದಲು ಆ ಸಾಲು ಅದರಲ್ಲಿರಲಿ.

ಇಂತಿ,
ದಕ್ಷಿಣ ಕನ್ನಡದ ಒಬ್ಬ ಅಜ್ಜಿ